ರೇಡಿಯೋದ ಬೆನ್ನಿನ ತೂತು

ನವಲಗುಂದದಲ್ಲಿ ಹೊಸದಾಗಿ ಅಂಗಡಿ ಹಾಕುತ್ತಿರುವ ಗಂಡ ಹೆಂಡತಿ ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಹಳೇ ಕಾಲದ ರೂಪದ ಹೊಸ ರೇಡಿಯೋಗಳಿಗೆ ಈಗ ನಮ್ಮ ಕಡೆಯೂ ಬೇಡಿಕೆ ಬಂದಿದೆ. ಕಟ್ಟಿಗೆಯ ಪೆಟ್ಟಿಗೆ, ದುಂಡನೆಯ ತಿರುಗಣೆ, ಹಳದಿ ದೀಪದ ಮುಖ, ಒಳಗೆ ಮಾತ್ರ ಬ್ಲೂಟೂತು. ನಿವೃತ್ತ ಮಾಸ್ತರರು, ಬ್ಯಾಂಕಿನವರು, ಹೊಸ ಮನೆ ಕಟ್ಟಿಸಿದ ಹೊಲದವರು, ಎಲ್ಲರಿಗೂ ಅದೇ ಬೇಕು. "ಕಾಕಾ, ನೀವು ನಲವತ್ತು ವರ್ಷ ಇದರಾಗ ಕಳದೀರಿ. ಛಲೋ ಧ್ವನೀದು ಹ್ಯಾಂಗ ಆರಿಸಬೇಕು ಅನ್ನೂದು ಹೇಳ್ರಿ" ಎಂದು ಆ ಹೆಣ್ಣುಮಗಳು ವಹಿ, ಪೆನ್ನು ತೆಗೆದು ಕುಳಿತಳು. ಅರ್ಧ ಹೇಳಿದೆ. ಉಳಿದರ್ಧ ಹೇಳಲು ನಾಚಿಕೆಯಾಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ, ಅದೊಂದು ಅನುಕೂಲ.

ಕುಂದಗೋಳದ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ರಾಯರ ರೇಡಿಯೋ ಅಂಗಡಿ ಇತ್ತು. ಮೀಸೆ ಸರಿಯಾಗಿ ಮೂಡುವ ಮೊದಲೇ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಮಾಲಕರು, ಮೇಲಧಿಕಾರಿ, ಗುರು ಎಲ್ಲ ರಾಯರೊಬ್ಬರೇ. ಬೆಸುಗೆ ಸರಿಯಾಗಿ ಬಿದ್ದರೆ ಅವರು ಮಾತಾಡುತ್ತಿರಲಿಲ್ಲ, ತಪ್ಪಿದರೆ ನಿಲ್ಲಿಸುತ್ತಿರಲಿಲ್ಲ. "ಈರಣ್ಣಾ, ಗಿರಾಕಿ ಏನ್ ಹೇಳ್ತಾನ, ಮೊದಲ ಅದನ್ನ ಪೂರಾ ಕೇಳು. ಅರ್ಧ ರಿಪೇರಿ ಅಲ್ಲೇ ಆಗಿರ್ತದ" ಎಂಬುದು ಅವರ ಮಾತು. ಆ ಮಾತನ್ನು ನಾನು ಮುಂದೆ ಬಹಳ ಜನರಿಗೆ ಹೇಳಿಕೊಟ್ಟೆ. ಪಾಲಿಸಿದ್ದು ಕಡಿಮೆ.

ಸೇರಿದ ಮೊದಲ ಚಳಿಗಾಲದಲ್ಲಿ ಬಮ್ಮಿಗಟ್ಟಿಯ ಗೌಡರೊಬ್ಬರು ತಮ್ಮ ದೊಡ್ಡ ವಾಲ್ವ್ ರೇಡಿಯೋವನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಅದಕ್ಕೂ ಒಂದು ಸೀಟು ಹಿಡಿದು ತಂದರು. ಹಿಂದಿನ ರಟ್ಟು ಬಿಚ್ಚಿದರೆ ಒಳಗೆ ಹತ್ತಿಯ ಗೂಡು, ಗೂಡಿನಲ್ಲಿ ಇಲಿ, ಇಲಿಯ ಹೊಟ್ಟೆಯ ಕೆಳಗೆ ಕಣ್ಣು ತೆರೆಯದ ಐದು ಮರಿಗಳು. ವಾಲ್ವಿನ ಬಿಸಿಗೆ ಸಂಸಾರ ಸುಖವಾಗಿತ್ತು. ಗೌಡರು ಹಣೆ ಬಡಿದುಕೊಂಡರು. "ಅದಕ್ಕ ಹವಾಮಾನ ಹೇಳೂಮುಂದ ಚೀಂವ್ ಚೀಂವ್ ಅಂತಿತ್ತು ನೋಡ್ರಿ. ನಾ ಸ್ಟೇಷನ್ನಿನವರನ್ನ ಬೈದು ಎರಡು ಕಾರ್ಡ್ ಬರದೇನಿ!" ಅಂದಿನಿಂದ ರಾಯರು ಒಂದು ನಿಯಮ ಮಾಡಿದರು. ಯಾವ ರೇಡಿಯೋ ಅಂಗಡಿಗೆ ಬಂದರೂ ಮೊದಲು ಹಿಂದಿನ ತೂತುಗಳಿಗೆ ತಂತಿಯ ಜಾಳಿಗೆ ಹೊಡೆಯಬೇಕು, ಆಮೇಲೆ ಕರೆಂಟು ಕೊಡಬೇಕು. ಅದರ ಹಿಂದುಮುಂದು ಆಗಕೂಡದು.

ನಾನು ಅದನ್ನು ಸುಧಾರಿಸಿದೆ. ಜಾಳಿಗೆ ತುಕ್ಕು ಹಿಡಿಯುತ್ತದೆ, ಇಲಿ ಹಲ್ಲಿಗೆ ಬಗ್ಗುತ್ತದೆ. ಬಿಸಿಯಾಗದ ಟ್ರಾನ್ಸಿಸ್ಟರುಗಳ ಕಾಲ ಬಂದ ಮೇಲೆ ನಾನು ಹಳೇ ಹವಾಯಿ ಚಪ್ಪಲಿಯ ಅಟ್ಟೆಯನ್ನು ದುಂಡಗೆ ಕತ್ತರಿಸಿ, ತೂತಿಗೆ ಬೂಚು ಮಾಡಿ ತುರುಕಿ, ಅಂಚಿಗೆ ಮೇಣ ಹಚ್ಚಿ, ಮೇಲೆ ಕರಿ ಬಣ್ಣ ಬಳಿಯುತ್ತಿದ್ದೆ. ಕಾರ್ಖಾನೆಯಿಂದಲೇ ಹಾಗೆ ಬಂದಂತೆ ಕಾಣುತ್ತಿತ್ತು. ಬೂಚು ಯಾವುದು, ಪೆಟ್ಟಿಗೆ ಯಾವುದು ಎಂದು ನನಗೇ ಬೆರಳಿಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಆ ಕೈಗೆಲಸದ ಬಗ್ಗೆ ನನಗೆ ಹೆಮ್ಮೆಯಿತ್ತು.

ನಡುವಿನ ವರ್ಷಗಳದ್ದು ಹೇಳುವಂಥದ್ದೇನಿಲ್ಲ. ಟೇಪು ಬಂತು, ಟೀವಿ ಬಂತು, ತಟ್ಟೆಯ ಆಂಟೆನಾ ಬಂತು, ಮೊಬೈಲ್ ಬಂತು. ಪ್ರತಿಯೊಂದು ಬಂದಾಗಲೂ ರಾಯರು "ಇದು ನಿಲ್ಲೂದಿಲ್ಲ" ಎಂದರು. ನಿಲ್ಲದೆ ಹೋದವರು ಅವರೇ, ಪಾಪ. ಅಂಗಡಿ ಅವರ ಮಗನ ಕೈಗೆ ಬಂತು. ರೇಡಿಯೋಗಳು ಅಟ್ಟ ಸೇರಿದವು, ಅಲ್ಲಿ ಇಲಿಗಳಿಗೆ ಅನುಕೂಲವಾಯಿತು.

ನನ್ನ ನಿವೃತ್ತಿ ಹತ್ತಿರ ಬಂದಾಗ ಈ ಹಳೇ ರೂಪದ ರೇಡಿಯೋಗಳು ಬಂದವು. ಯಾವ ಜನ ತಮ್ಮ ಮನೆಯ ನಿಜವಾದ ಹಳೇ ರೇಡಿಯೋವನ್ನು ಗುಜರಿಗೆ ಹಾಕಿದ್ದರೋ ಅದೇ ಜನ ಅಂಥದೇ ಹೊಸದು ಬೇಕೆಂದು ಬಂದರು. ಅವರು ಆರಿಸುವ ಕ್ರಮವನ್ನು ನೋಡಬೇಕಿತ್ತು. ಒಬ್ಬರು ಪರದೆಯ ಬಟ್ಟೆಯ ತುಂಡು ತಂದು ರೇಡಿಯೋದ ಬಣ್ಣಕ್ಕೆ ಹೊಂದಿಸಿ ನೋಡಿದರು. ಇನ್ನೊಬ್ಬರು ಅಳತೆಯ ಟೇಪು ತಂದರು, ಶೋಕೇಸಿನಲ್ಲಿ ಕೂಡಬೇಕಂತೆ. ಕೂಡಿಸಿ, ಗಾಜಿನ ಬಾಗಿಲು ಹಾಕಿ, ಕೀಲಿ ಜಡಿದು, ಆಮೇಲೆ ನನಗೆ ಫೋನು: "ಈರಣ್ಣಾರ, ಧ್ವನಿ ದೂರ ಕೇಳಿಸ್ತೈತ್ರಿ." ಧ್ವನಿ ಹೇಗಿದೆ ಎಂದು ಅಂಗಡಿಯಲ್ಲಿ ಕೇಳಿ ನೋಡಿದವರನ್ನು ಬೆರಳಲ್ಲಿ ಎಣಿಸಬಹುದು.

ಹೊಸಬರು ಬರೆದುಕೊಳ್ಳಬೇಕಾದ್ದು ಇಷ್ಟು. ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಬೇಕು. ಕಟ್ಟಿಗೆಯದಾದರೆ ಗಟ್ಟಿ ಮೊಂಡು ಸದ್ದು, ಕಟ್ಟಿಗೆಯ ಚಿತ್ರ ಅಂಟಿಸಿದ ಪ್ಲಾಸ್ಟಿಕ್ ಆದರೆ ಖಾಲಿ ಡಬ್ಬಿಯ ಸದ್ದು. ಭಾರ ನೋಡಬೇಕು, ಆದರೆ ಭಾರವನ್ನು ನಂಬಬಾರದು. ಒಂದರ ತಳದಲ್ಲಿ ಕಬ್ಬಿಣದ ಪಟ್ಟಿ ಸುಮ್ಮನೆ ಅಂಟಿಸಿದ್ದನ್ನು ನಾನೇ ಕಂಡಿದ್ದೇನೆ. ಮೊದಲು ಹಾಡು ಹಚ್ಚಬಾರದು, ವಾರ್ತೆ ಹಚ್ಚಬೇಕು. ವಾರ್ತೆ ಓದುವವರು ಎದುರಿಗೆ ಕೂತು ಮಾತಾಡಿದಂತೆ ಇರಬೇಕು, ಕೊಡದೊಳಗಿಂದ ಮಾತಾಡಿದಂತೆ ಅಲ್ಲ. ಧ್ವನಿ ಸಣ್ಣದು ಮಾಡಿ ಕೇಳಬೇಕು, ದೊಡ್ಡದು ಮಾಡಿದರೆ ಯಾವ ರೇಡಿಯೋವೂ ಜಾಣ. ಮನೆಯಲ್ಲಿ ಗೋಡೆಗೆ ಒತ್ತಿ ಇಡಬಾರದು, ಫ್ರಿಜ್ಜಿನ ಮೇಲೆ ಇಡಬಾರದು. ಇದೆಲ್ಲ ಆ ಹೆಣ್ಣುಮಗಳಿಗೆ ಹೇಳಿದ ಅರ್ಧ.

ಇನ್ನರ್ಧ ಕುಬಿಹಾಳದ ಗುರುಪಾದಪ್ಪ ಮಾಸ್ತರರದ್ದು. ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಸಂಜೆ ಮನೆಯ ಪಡಸಾಲೆಯಲ್ಲಿ ಓಣಿಯ ಹುಡುಗಿಯರಿಗೆ ವಚನ ಹಾಡಲು ಕಲಿಸುತ್ತಿದ್ದರು. ಒಟ್ಟು ಒಂಬತ್ತು ಹುಡುಗಿಯರು. ಒಂದು ಹಾರ್ಮೋನಿಯಂ, ಒಂದು ಜಮಖಾನೆ, ಮತ್ತೆ ಮಾಸ್ತರರ ಕಿವಿ. ಸ್ವರ ಕೂದಲೆಳೆಯಷ್ಟು ಇಳಿದರೂ ಅವರ ಹುಬ್ಬು ಏಳುತ್ತಿತ್ತಂತೆ. ಅವರ ಹಳೇ ರೇಡಿಯೋಕ್ಕೆ ಬಿಡಿಭಾಗ ಸಿಗದಂತಾದಾಗ ಹೆಂಡತಿ ಗಂಗವ್ವನವರನ್ನು ಕರೆದುಕೊಂಡು ಅಂಗಡಿಗೆ ಬಂದರು. "ನೀ ಕೊಟ್ಟಿದ್ದ ನನಗ. ಬಣ್ಣ ಗಿಣ್ಣ ಏನ ಇರ್ಲಿ, ತಂಬೂರಿ ಕೇಳಬೇಕು ನೋಡು" ಎಂದರು. ಇಂಥ ಗಿರಾಕಿ ಸಿಕ್ಕಿದ್ದಕ್ಕೆ ನನಗೆ ಖುಷಿಯಾಯಿತು. ಗಟ್ಟಿ ಕಟ್ಟಿಗೆಯದನ್ನು ಆರಿಸಿದೆ. ರಟ್ಟಿನ ಖೋಕಾ ಒಡೆದ ಕೂಡಲೇ, ಕರೆಂಟು ಕೊಡುವ ಮೊದಲು, ಬೆನ್ನಿನಲ್ಲಿದ್ದ ದುಂಡನೆಯ ತೂತಿಗೆ ನನ್ನ ಬೂಚು ಹಾಕಿದೆ. ಆ ತೂತು ಯಾಕಿದೆ ಎಂದು ಕೇಳಿಕೊಳ್ಳಲಿಲ್ಲ. ತೂತು ಇರುವುದು ಇಲಿಗಾಗಿ ಎಂದು ನನಗೆ ಆಗಲೇ ಗೊತ್ತಿತ್ತಲ್ಲ.

ವಾರಕ್ಕೆ ಮಾಸ್ತರರು ಬಂದರು.

"ಈರಣ್ಣಾ, ಮಾತು ಛಲೋ ಕೇಳ್ತಾವು. ಆದ್ರ ಡಗ್ಗಾದ ಗುಮಕಿ ಇಲ್ಲೋ ಮಾರಾಯಾ. ತಬಲಾದಾಂವ ಬರೇ ಬಲಗೈಲೆ ಬಾರಿಸಿದಂಗ ಆಗ್ತೈತಿ. ತಂಬೂರಿದು ಕೆಳಗಿನ ತಂತಿ ಕೇಳವಲ್ದು."

ಡಗ್ಗಾ ಎಂದರೆ ತಬಲಾದ ಜೋಡಿಯಲ್ಲಿ ಎಡಗೈಯಿಂದ ಬಾರಿಸುವ, ದಪ್ಪ ಸ್ವರದ್ದು. ಎಷ್ಟು ಸ್ಪಷ್ಟವಾಗಿ ಹೇಳಿದ್ದರು ನೋಡಿ. ರೋಗಿಯೇ ರೋಗದ ಹೆಸರು, ಅದು ಇರುವ ಜಾಗ ಎಲ್ಲ ಹೇಳಿದಂತೆ. ಇನ್ನೊಂದು ಕೊಟ್ಟೆ. ಅದಕ್ಕೂ ಬೂಚು ಹಾಕಿಯೇ ಕೊಟ್ಟೆ. ಹದಿನೈದು ದಿನಕ್ಕೆ ಅದೂ ವಾಪಸು ಬಂತು, ಅದೇ ಮಾತು. ಮೂರನೆಯದು ಬೇರೆ ಕಂಪನಿಯದು, ಇನ್ನೂ ದೊಡ್ಡ ಪೆಟ್ಟಿಗೆ. ಅದಕ್ಕೆ ಎರಡು ತೂತು ಇದ್ದವು, ಎರಡು ಬೂಚು ಹಾಕಿದೆ. ಮೂರನೆಯ ಸಲ ಅವರು ಬಂದಾಗ ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ನನ್ನ ಹೆಸರಿನ ಪ್ರಶ್ನೆ ಎದ್ದಿತು.

"ಮಾಸ್ತರ, ಸಿಟ್ಟಾಗಬ್ಯಾಡ್ರಿ," ಎಂದೆ. "ಮೂರು ರೇಡಿಯೋ ಬದಲಾದವು. ಅಂಗಡಿಯಾಗ ಮತ್ತ್ಯಾರೂ ಹಿಂಗ ತಕರಾರು ತಂದಿಲ್ಲ. ಬದಲಾಗದ ಉಳದದ್ದು ಒಂದ ಐತ್ರಿ, ನಿಮ್ಮ ಕಿವಿ. ವಯಸ್ಸಿನ ಮ್ಯಾಲ ಮಂದ ಆಗ್ತಾವ್ರಿ, ಅದರಾಗೇನು ನಾಚಿಕಿ ಇಲ್ಲ."

ಅದು ಸುಳ್ಳು. ತಕರಾರು ಬಂದಿದ್ದವು. ಧ್ವನಿ ಸಣ್ಣ ಐತಿ, ಗಂಟಲು ಕಟ್ಟಿದಂಗ ಐತಿ ಎಂದು ಮೂರ್ನಾಲ್ಕು ಜನ ಹೇಳಿದ್ದರು. ಮೊಬೈಲಿನಿಂದ ನಿಮ್ಮ ಕಿವಿ ಕೆಟ್ಟಿವೆ ಎಂದು ಎಲ್ಲರನ್ನೂ ಕಳಿಸಿದ್ದೆ. ಅವರು ಪಾಪ ಒಪ್ಪಿಕೊಂಡು ಹೋಗಿದ್ದರು. ಮಾಸ್ತರರು ಮಾತ್ರ ಕೂಡಲೇ ಹೋಗಲಿಲ್ಲ. ಬಲಗಿವಿಯನ್ನು ಬೆರಳಿನಿಂದ ಮುಚ್ಚಿ ತೆಗೆದು ನೋಡಿಕೊಂಡರು. "ಹೌದೇನೋ? ಇರಬಹುದು" ಎಂದು ರೇಡಿಯೋ ಬಗಲಲ್ಲಿ ಹಿಡಿದು ಬಸ್ಸಿಗೆ ನಡೆದರು. ಅಂಗಡಿಯಲ್ಲಿದ್ದವರೊಬ್ಬರು "ಬರೋಬ್ಬರಿ ಹೇಳಿದ್ರಿ ಈರಣ್ಣಾರ" ಎಂದರು. ನನಗೂ ಹಾಗೆಯೇ ಅನಿಸಿತು.

ಆರೇಳು ತಿಂಗಳ ಮೇಲೆ ಕುಂದಗೋಳದ ಸಂತೆಯಲ್ಲಿ ಗಂಗವ್ವನವರು ಸಿಕ್ಕರು. ರೇಡಿಯೋ ಹೇಗಿದೆ ಎಂದು ಕೇಳಿದೆ. "ರೇಡಿಯೋಕ್ಕೇನಾಗೈತಪಾ, ಅದು ಛಲೋನ ಐತಂತಲ್ಲ" ಎಂದರು. ಆಮೇಲೆ ಹೇಳಿದರು, ಮಾಸ್ತರರು ಹುಡುಗಿಯರನ್ನು ಕಳಿಸಿಬಿಟ್ಟಿದ್ದರು. ಕಿವಿ ಹೋದವನು ಇನ್ನೊಬ್ಬರ ಸ್ವರ ತಿದ್ದಬಾರದು, ತಪ್ಪನ್ನು ಸರಿ ಎಂದು ಕಲಿಸಿದರೆ ಪಾಪ ಎಂದರಂತೆ. ಹಾರ್ಮೋನಿಯಂ ಜಮಖಾನೆಯಲ್ಲಿ ಸುತ್ತಿ ಗೋಡೆಯ ಎತ್ತರದ ಹಲಗೆಯ ಮೇಲಿಟ್ಟಿದ್ದರಂತೆ. ನಾನು ಅಯ್ಯೋ ಎಂದೆ. ವಯಸ್ಸು ಯಾರನ್ನೂ ಬಿಡುವುದಿಲ್ಲ ಎಂದು ಸಮಾಧಾನವನ್ನೂ ಹೇಳಿದೆ. ಗಂಗವ್ವನವರು ಬದನೆಕಾಯಿ ಆರಿಸತೊಡಗಿದರು.

ಮಿಶ್ರಿಕೋಟಿಯಲ್ಲಿ ನನ್ನ ತಂಗಿ ನೀಲವ್ವನ ಮನೆ. ಅವಳು ಅಂಗನವಾಡಿಯ ಕೆಲಸದವಳು, ಯಾವುದನ್ನೂ ಅಣ್ಣನನ್ನು ಕೇಳಿ ಮಾಡುವವಳಲ್ಲ. ಮೊಬೈಲಿನಲ್ಲೇ ಒತ್ತಿ ಒಂದು ರೇಡಿಯೋ ತರಿಸಿದ್ದಳು. ನೋಡಿದರೆ ಮಾಸ್ತರರಿಗೆ ಮೊದಲು ಕೊಟ್ಟಂಥದೇ. ನಾನು ಹೋದಾಗ ಅದು ಆಗಲೇ ಹಾಡುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ. ಡಗ್ಗಾದ ಹೊಡೆತ ಎದೆಗೆ ಬಂದು ಮುಟ್ಟುತ್ತಿತ್ತು, ತಂಬೂರಿ ಮನೆಯ ತುಂಬ ಹರಡಿಕೊಂಡಿತ್ತು. ನನ್ನ ಕೈಯಿಂದ ಹೋದ ಒಂದು ರೇಡಿಯೋವೂ ಹೀಗೆ ಹಾಡಿರಲಿಲ್ಲ. ಇವಳ ಮನೆಯ ಗೋಡೆ ಮಣ್ಣಿನದು, ಅದಕ್ಕೇ ಇರಬೇಕು ಎಂದುಕೊಂಡೆ. ಇಷ್ಟು ಅನುಭವ ಇದ್ದವನಿಗೆ ಕಾರಣಗಳಿಗೆ ಬರವಿರುವುದಿಲ್ಲ.

"ಬೂಚು ಹಾಕಿಲ್ಲಲ್ಲ ನೀಲಾ, ಇಲಿ ಹೊಕ್ಕೀತು" ಎಂದು ಚೀಲದಿಂದ ಅಟ್ಟೆಯ ತುಂಡು ತೆಗೆದೆ. ನಾನು ಎಲ್ಲಿ ಹೋದರೂ ಅವು ನಾಲ್ಕು ಚೀಲದಲ್ಲಿರುತ್ತಿದ್ದವು. ರೇಡಿಯೋ ಬಂದ್ ಮಾಡಲು ಅವಳು ಬಿಡಲಿಲ್ಲ, ಹಾಡು ಮುಗಿಯಲಿ ಎಂದಳು. ಹಾಡುತ್ತಿರುವಾಗಲೇ ಹಿಂದಿನಿಂದ ಕೈ ಹಾಕಿ ಬೂಚು ಒತ್ತಿದೆ.

ಒಲೆಯ ಮುಂದಿದ್ದ ನೀಲವ್ವ ತಿರುಗಿ ನೋಡಿದಳು. "ಅಣ್ಣಾ, ಏನ್ ಮಾಡಿದಿ? ಅದರ ಉಸರ ನಿಂತಂಗಾತಲ್ಲ!"

ತೆಗೆದೆ. ಡಗ್ಗಾ ಬಂತು. ಹಾಕಿದೆ. ಹೋಯಿತು. ಮತ್ತೆ ತೆಗೆದೆ. ಹೀಗೆ ಎಷ್ಟು ಸಲ ಮಾಡಿದೆನೋ, ಕೊನೆಗೆ ನೀಲವ್ವ ನನ್ನ ಕೈಯಿಂದ ಆ ತುಂಡು ಕಸಿದುಕೊಂಡು ಅಂಗಳಕ್ಕೆ ಎಸೆದಳು. ದಪ್ಪ ಸ್ವರ ಹೊರಗೆ ಬರುವುದೇ ಆ ತೂತಿನಿಂದ. ಮಾಡಿದವರು ಅದನ್ನು ಅಳೆದು ಕೊರೆದಿರುತ್ತಾರೆ. ನಾನು ಮೊದಲು ಬೂಚು, ಆಮೇಲೆ ಕರೆಂಟು ಎಂಬ ಶಿಸ್ತಿನವನಾದ್ದರಿಂದ ಬೂಚಿಲ್ಲದ ರೇಡಿಯೋ ಹೇಗಿರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟವರ ಕಥೆ ಕೇಳಿ ನಕ್ಕವನು ನಾನು. ಮೂರು ರೇಡಿಯೋ ಬದಲಾದಾಗ ಬದಲಾಗದೆ ಉಳಿದದ್ದು ಮಾಸ್ತರರ ಕಿವಿ ಒಂದೇ ಅಲ್ಲ, ನನ್ನ ಚಪ್ಪಲಿಯ ಅಟ್ಟೆಯೂ ಉಳಿದಿತ್ತು.

ಮರುದಿನದಿಂದ ನಾನು ಮಾರಿದ ರೇಡಿಯೋ ಇದ್ದ ಮನೆಗಳಿಗೆಲ್ಲ ಹೊರಟೆ. ಕುಬಿಹಾಳವನ್ನು ಕೊನೆಗೆ ಇಟ್ಟುಕೊಂಡೆ. ಯಾಕೆಂದು ಹೇಳಬೇಕಿಲ್ಲ. ಅಣ್ಣಿಗೇರಿಯ ಬ್ಯಾಂಕಿನವರ ಮನೆಯಲ್ಲಿ ಬೂಚು ತೆಗೆದ ಕೂಡಲೇ ಮನೆಯವರು ಮುಖ ಕಿವುಚಿದರು. "ಇದೇನ್ರಿ, ಗುಂಯ್ ಅಂತೈತಿ? ಮೊದಲಿಂದ ಭೇಷಿತ್ತು, ಮುಚ್ಚಿಬಿಡ್ರಿ." ಮುಚ್ಚಿ ಬಂದೆ. ಇನ್ನೊಂದು ಮನೆಯಲ್ಲಿ ರೇಡಿಯೋ ಇತ್ತು, ಹಚ್ಚುವವರು ಇರಲಿಲ್ಲ. ಅದರ ಮೇಲೆ ಹೂವಿನ ಕುಂಡ ಇಟ್ಟಿದ್ದರು. ಬಮ್ಮಿಗಟ್ಟಿಯಲ್ಲಿ ಬೂಚು ತೆಗೆದು ಬಂದ ಎರಡನೇ ತಿಂಗಳಿಗೆ ನಿಜಕ್ಕೂ ಇಲಿ ಹೊಕ್ಕು ತಂತಿ ಕಡಿಯಿತು. ಈಗ ಬೂಚು ತೆಗೆದ ಎಲ್ಲರಿಗೂ ಜಾಳಿಗೆ ಹೊಡೆದು ಕೊಟ್ಟಿದ್ದೇನೆ. ಗಾಳಿ ಆಡುತ್ತದೆ, ಇಲಿ ಆಡುವುದಿಲ್ಲ. ರಾಯರು ಮೊದಲು ಹೇಳಿದ್ದು ಅದನ್ನೇ.

ಕುಬಿಹಾಳದ ಬಸ್ಸಿನಲ್ಲಿ ಕೂತಾಗ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಧೂಳು ಹೊಡೆಯಲು ಬಂದೆ ಎನ್ನುವುದು, ರೇಡಿಯೋದ ಬೆನ್ನು ನನ್ನ ಕಡೆ ತಿರುಗಿಸಿಕೊಂಡು ಎರಡೂ ಬೂಚು ಕಿತ್ತು ಜೇಬಿಗೆ ಹಾಕುವುದು, ಏನೋ ಬಿಗಿ ಮಾಡಿದೆ ಎನ್ನುವುದು. ಮಾಸ್ತರರಿಗೆ ಧ್ವನಿ ಸಿಗುತ್ತದೆ, ನನಗೆ ಹೆಸರು ಉಳಿಯುತ್ತದೆ. ಅದನ್ನೇ ಮಾಡಿದೆ ಕೂಡ. ಮಾಸ್ತರರು ಬಾಜು ಕುರ್ಚಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಮನೆ ಬಹಳ ಶಾಂತವಾಗಿತ್ತು. ಜಮಖಾನೆಯಲ್ಲಿ ಸುತ್ತಿದ ಹಾರ್ಮೋನಿಯಂ ಹಲಗೆಯ ಮೇಲೆ ಕಾಣುತ್ತಿತ್ತು. ನಾನು ಗುಂಡಿ ತಿರುಗಿಸಿದೆ. ಯಾರೋ ಸಂಜೆಯ ರಾಗ ಹಾಡುತ್ತಿದ್ದರು.

ಮಾಸ್ತರರ ಅಡಕತ್ತರಿ ನಿಂತಿತು. ಕಣ್ಣು ಮುಚ್ಚಿದರು. ಎಷ್ಟೋ ಹೊತ್ತಿನ ಮೇಲೆ ಒಳಗೆ ಕೂಗಿದರು. "ಗಂಗೂ, ಇಲ್ಲಿ ಬಾ. ಡಗ್ಗಾ ಕೇಳಾಕ ಹತ್ತೈತಿ. ನನ್ನ ಕಿವಿ ತಾನ ಆರಾಮ ಆತೇನ ಹಂಗಾರ?" ಆಮೇಲೆ ನನ್ನ ಕೈ ಹಿಡಿದರು. "ನಿನ್ನ ಕೈಗುಣ ದೊಡ್ಡದೋ ಈರಣ್ಣಾ."

ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಜೇಬಿನಿಂದ ಎರಡು ಬೂಚು ತೆಗೆದು ಅವರ ಅಂಗೈಯಲ್ಲಿ ಇಟ್ಟೆ.

"ಕೈಗುಣ ಇದು ನೋಡ್ರಿ, ಮಾಸ್ತರ. ಚಪ್ಪಲಿ ಅಟ್ಟಿ. ನಾನ ಹಾಕಿದ್ದೆ, ಮೂರಕ್ಕೂ. ನಿಮ್ಮ ಕಿವಿಗೆ ಏನೂ ಆಗಿದ್ದಿಲ್ರಿ."

ಅವರು ಅವನ್ನು ಹೊರಳಿಸಿ ಹೊರಳಿಸಿ ನೋಡಿದರು. ಸಿಟ್ಟು ಬರುತ್ತದೆ ಎಂದು ಕಾದೆ. ಬಂದಿದ್ದರೆ ಚೆನ್ನಾಗಿತ್ತು.

"ನನಗ ಮೊದಲನೇ ವಾರದಾಗ ಗೊತ್ತಿತ್ತೋ, ದೋಷ ಪೆಟಗಿದು ಅಂತ," ಎಂದರು ಮೆಲ್ಲಗೆ. "ಆದ್ರ ನೀ ನಲವತ್ತು ವರ್ಷ ಇದರಾಗ ಇದ್ದಾಂವ. ನಿನ್ನ ಮಾತಿಗಿಂತ ನನ್ನ ಕಿವಿ ದೊಡ್ಡದು ಅಂತ ಹ್ಯಾಂಗ ಹೇಳ್ಲಿ? ನಂಬಿದೆ."

ಬಾಗಿಲಲ್ಲಿ ನಿಂತಿದ್ದ ಗಂಗವ್ವನವರಿಗೆ ಅಷ್ಟು ಸಹನೆ ಇರಲಿಲ್ಲ. "ಎಂಟು ತಿಂಗಳಾತು ಈ ಮನ್ಯಾಗ ಒಂದು ಹಾಡು ಎದ್ದಿಲ್ಲ. ಸಂತ್ಯಾಗ ಸಿಕ್ಕಾಗ ನನಗ ಸಮಾಧಾನ ಬ್ಯಾರೆ ಹೇಳಿದಿ! ಪೆಟಗಿ ಬಾಯಿ ಮುಚ್ಚಿದ್ದು ಸಾಲಲಿಲ್ಲಂತ ಇವರ ಬಾಯೂ ಮುಚ್ಚಿದಿ." ಅವರು ಬೈದರು, ಬೈಯುತ್ತಲೇ ಸ್ಟೂಲು ತಂದು ಹಲಗೆಯ ಕೆಳಗೆ ಇಟ್ಟರು. "ಹತ್ತು, ಇಳಸು ಅದನ್ನ." ಹಾರ್ಮೋನಿಯಂ ನಾನೇ ಇಳಿಸಿದೆ.

ಹುಡುಗಿಯರಿಗೆ ಹೇಳಿ ಕಳಿಸಿದರು. ಮರುವಾರ ನಾನೂ ಹೋಗಿದ್ದೆ, ಹೋಗದೆ ಇರಲಾಗಲಿಲ್ಲ. ಒಂಬತ್ತರಲ್ಲಿ ಐದು ಜನ ಬಂದರು. ಒಬ್ಬಳು ನರ್ಸಿಂಗ್ ಕಲಿಯಲು ಹುಬ್ಬಳ್ಳಿಗೆ ಹೋಗಿದ್ದಳು. ಇಬ್ಬರನ್ನು ಮನೆಯವರು "ಬಿಟ್ಟದ್ದು ಬಿಟ್ಟಾತು, ಇನ್ನ ಯಾಕ" ಎಂದು ಕಳಿಸಲಿಲ್ಲ. ಇನ್ನೊಬ್ಬಳು, ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವಳು, ತನಗೇ ಬೇಡವಾಗಿದೆ ಎಂದು ಹೇಳಿ ಕಳಿಸಿದಳು. ಮಾಸ್ತರರು ಆ ಹುಡುಗಿ ಕೂಡುತ್ತಿದ್ದ ಜಾಗವನ್ನು ಖಾಲಿ ಬಿಡಿಸಿ ಉಳಿದವರನ್ನು ಕೂಡಿಸಿದರು. ನನ್ನ ಉದ್ಯೋಗದ ಜೀವನದಲ್ಲಿ ನಾನು ಹಾಳು ಮಾಡಿದ ರೇಡಿಯೋಗಳಿಗೆಲ್ಲ ಬಿಡಿಭಾಗ ಹುಡುಕಿ ತಂದಿದ್ದೇನೆ. ಈ ನಾಲ್ವರನ್ನು ತರಲು ನನಗೆ ಆಗಲಿಲ್ಲ.

ಐವರಲ್ಲಿ ಸಾವಿತ್ರಿ ಎಂಬವಳು ಹಾಡಿದಳು. ಎರಡನೇ ಸಾಲಿಗೆ ಮಾಸ್ತರರ ಹುಬ್ಬು ಎದ್ದಿತು. "ಅಲ್ಲಿ ಇಳದಿ ನೋಡವ್ವಾ." ಅವಳು ನಾಲಗೆ ಕಚ್ಚಿಕೊಂಡು ಮತ್ತೆ ಹಾಡಿದಳು. ಸರಿ ಎಂದು ತಲೆಯಾಡಿಸಿದರು. ನನಗೆ ಎರಡೂ ಒಂದೇ ಥರ ಕೇಳಿಸಿದ್ದವು.

ಮಾಸ್ತರರು ನನ್ನ ಕಡೆ ತಿರುಗಿದರು. "ಈರಣ್ಣಾ, ಫರಕ ಕೇಳಿಸ್ತೇನು?"

ಅಂಗಡಿಯಾಗಿದ್ದರೆ ಹೌದು ಎನ್ನುತ್ತಿದ್ದೆ. "ಇಲ್ರಿ ಮಾಸ್ತರ," ಎಂದೆ.

"ಹಂಗಾರ ಜಮಖಾನಿ ಮ್ಯಾಲ ಬಂದು ಕೂಡು."

ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹೋಗಿ ಕೂತೆ. ಆ ವರ್ಷವೇ ನಾನು ಕೆಲಸ ಬಿಟ್ಟೆ. ಈಗಲೂ ವಾರಕ್ಕೆ ಎರಡು ಸಂಜೆ ಕುಬಿಹಾಳದ ಬಸ್ಸು ಹತ್ತುತ್ತೇನೆ. ಸಾವಿತ್ರಿ ಈಗ ಚಿಕ್ಕವರಿಗೆ ಹೇಳಿಕೊಡುವಷ್ಟಾಗಿದ್ದಾಳೆ. ಫರಕ ಕೇಳಿಸ್ತೇನು ಎಂದು ಮಾಸ್ತರರು ಪ್ರತಿ ಸಲವೂ ನನ್ನನ್ನು ಕೇಳುತ್ತಾರೆ, ಪ್ರತಿ ಸಲವೂ ನಾನು ಇಲ್ರಿ ಎನ್ನುತ್ತೇನೆ.